ಹೊಕ್ಕಳ ಸುತ್ತ ನಾಲ್ಕು ಬರೆ

ಬಾಯಿದ್ದೋರು ಬರಗಾಲದಲ್ಲೂ ಬದುಕ್ತಾರೆ ಅಂತಾರೆ. ನನ್ನ ಬಾಯಿ ಮೊದಲಿಂದಲೂ ಜೋರು. ಹಿರಿಯೂರು ಬಸ್‌ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದವನನ್ನೂ ಎಬ್ಬಿಸಿ ಕೂತವಳು ನಾನು. ಜರ್ಮನಿಗೆ ಹೋದ ಮೇಲೆ ಆ ಬಾಯಿಗೆ ಬೀಗ ಬಿತ್ತು. ನಮ್ಮನೆಯವರು ಚಿತ್ರದುರ್ಗದ ಗುಡ್ಡಗಳ ಮೇಲಿನ ಕರೆಂಟು ತೆಗೆಯುವ ಗಾಳಿ ಫ್ಯಾನು ರಿಪೇರಿ ಮಾಡುವವರು. ಕಂಪನಿಯವರು ಎರಡು ವರ್ಷಕ್ಕೆ ಅಂತ ಜರ್ಮನಿಯ ಒಂದು ಸಣ್ಣ ಊರಿಗೆ ಹಾಕಿದ್ದರು. ಹೆರಿಗೆಗೆಂದು ಹರಿಯಬ್ಬೆಯ ತವರಲ್ಲೇ ಉಳಿದಿದ್ದ ನಾನು ಮಗಳಿಗೆ ಏಳು ತಿಂಗಳಾದಾಗ ಅವಳನ್ನು ಎತ್ತಿಕೊಂಡು ಹೊರಟೆ.

ಹೋಗಿ ಹದಿನೈದು ದಿನಕ್ಕೆ ಕೂಸಿಗೆ ಲಸಿಕೆ ಹಾಕಿಸಬೇಕಾಯಿತು. ನಮ್ಮ ಬೀದಿಯ ಕೊನೆಯಲ್ಲೇ ಮಕ್ಕಳ ಕ್ಲಿನಿಕ್. "ಲಸಿಕೆ ಪುಸ್ತಕ ಐತಲ್ಲ, ಅದನ್ನ ತೋರ್ಸು. ಸೂಜಿ ಹಾಕ್ತಾರೆ, ಬಾ. ಮಾತೇನೂ ಬೇಕಾಗಲ್ಲ" ಅಂತ ಹೇಳಿ ನಮ್ಮನೆಯವರು ಕೆಲಸಕ್ಕೆ ಹೋದರು. ಮಾತೇ ಬೇಕಾಗಿದ್ದು ಅಲ್ಲಿ.

ಡಾಕ್ಟರಮ್ಮನಿಗೆ ನಮ್ಮವ್ವನ ವಯಸ್ಸಿರಬೇಕು. ಅವರಿಗೆ ಬರುವ ಇಂಗ್ಲಿಷು ಅಷ್ಟಕ್ಕಷ್ಟೆ, ನಂದು ಹಿರಿಯೂರು ಕಾಲೇಜಿನ ಬಿ.ಎ. ಇಂಗ್ಲಿಷು. ನಗುನಗುತ್ತಲೇ ಕೂಸಿನ ಅಂಗಿ ಬಿಚ್ಚಿದರು. ಹೊಟ್ಟೆ ನೋಡಿದ್ದೇ ನಗು ನಿಂತಿತು.

ಹೊಕ್ಕಳ ಸುತ್ತ ನಾಲ್ಕು ಬರೆ. ಮೂರು ತಿಂಗಳಿದ್ದಾಗ ಅವಳು ಹೊಟ್ಟೆ ಉಬ್ಬರಿಸಿ ಒಂದೇ ಸಮ ಅಳುತ್ತಿದ್ದಳು. ನಮ್ಮವ್ವ ಅರಿಶಿನದ ಕೊಂಬಿನ ತುದಿಯನ್ನು ಕೆಂಡದಲ್ಲಿ ಕಾಯಿಸಿ ನಾಲ್ಕು ಕಡೆ ಚುರ್ ಅನ್ನಿಸಿದಳು. ಕುರಿ ಸಾಕುವ ನಮ್ಮ ಮನೆಗಳಲ್ಲಿ ಇದೇನೂ ಹೊಸದಲ್ಲ. ಮರಿಗೆ ಹೊಟ್ಟೆ ಉಬ್ಬಿದರೂ ಬರೆ, ಮಗುವಿಗೆ ಉಬ್ಬಿದರೂ ಬರೆ. ನಮ್ಮನೆಯವರು ಮಾತ್ರ ಅವತ್ತು ಅಷ್ಟು ದೂರದಿಂದ ಫೋನಿನಲ್ಲಿ ಬ್ಯಾಡ ಬ್ಯಾಡ ಅಂತ ಬಡಕೊಂಡಿದ್ದರು. ನಾವು ಜರ್ಮನಿಯಲ್ಲಿ ಇಳಿದಾಗ ಕೂಸಿನ ಹೊಟ್ಟೆ ನೋಡಿ ಎರಡು ದಿನ ನನ್ನ ಜೊತೆ ಮಾತು ಬಿಟ್ಟರು.

ಡಾಕ್ಟರಮ್ಮ ನರ್ಸನ್ನು ಕರೆದರು. ಇಬ್ಬರೂ ಬಗ್ಗಿ ಬಗ್ಗಿ ನೋಡಿದರು. ಆಮೇಲೆ ಡಾಕ್ಟರಮ್ಮ ಎರಡು ಬೆರಳು ತುಟಿಗಿಟ್ಟು ಹೊಗೆ ಬಿಟ್ಟ ಹಾಗೆ ಮಾಡಿದರು. ಅದೇ ಬೆರಳನ್ನು ಕೂಸಿನ ಹೊಟ್ಟೆಯ ಕಡೆ ಚುಚ್ಚಿದಂತೆ ತೋರಿಸಿ, "ಹಸ್ಬೆಂಡ್?" ಅಂದರು.

ಅಯ್ಯೋ ಶಿವನೇ! ಅಪ್ಪನೇ ಸಿಗರೇಟಿನಿಂದ ಸುಟ್ಟಿದ್ದಾನೆ ಅಂತ ತಿಳಿದುಬಿಟ್ಟಿದ್ದರು. ಬೀಡಿ ವಾಸನೆಗೇ ಮುಖ ತಿರುಗಿಸುವ ಮನುಷ್ಯ ಅವರು! "ನೋ, ನೋ" ಅಂತ ಕೂಗಿದೆ. ಕೂಗಿದಷ್ಟೂ ಡಾಕ್ಟರಮ್ಮನ ಮುಖ ಬಿಗಿಯಾಯಿತು. ಗಂಡನಿಗೆ ಹೆದರಿ ಮುಚ್ಚಿಡ್ತಿದಾಳೆ ಅಂದುಕೊಂಡರೇನೋ. ನರ್ಸು ಕೂಸನ್ನು ಬಟ್ಟೆಯಲ್ಲಿ ಸುತ್ತಿ ಎತ್ತಿಕೊಂಡಳು. ನಾನು ಕೈ ಚಾಚಿದೆ, ಕೊಡಲಿಲ್ಲ. ಡಾಕ್ಟರಮ್ಮ ಫೋನ್ ಕೈಗೆತ್ತಿಕೊಂಡರು. ಮಕ್ಕಳಿಗೆ ಹಿಂಸೆ ಮಾಡಿದರೆ ಇಲ್ಲಿನ ಸರ್ಕಾರದವರು ಎತ್ಕೊಂಡೇ ಹೋಗ್ತಾರೆ ಅಂತ ನಮ್ಮನೆಯವರು ಹೇಳಿದ್ದು ನೆನಪಾಯಿತು. ಅವರಿಗೆ ಫೋನ್ ಮಾಡಿದೆ. ಫ್ಯಾನಿನ ಕಂಬ ಹತ್ತಿದ್ದರು ಅಂತ ಕಾಣುತ್ತೆ, ಎತ್ತಲಿಲ್ಲ.

"ಕೊಡೇ ನನ್ನ ಕೂಸ್ನ!" ಅಂತ ನರ್ಸಿನ ಮೇಲೆ ಹರಿಹಾಯ್ದೆ, ಕನ್ನಡದಲ್ಲೇ. ಕೂಸು ಬೆಚ್ಚಿ ಕಿಟಾರನೆ ಕಿರುಚಿತು. ನನ್ನ ಬಾಯಿಂದ ಏನೂ ಆಗಲ್ಲ ಅಂತ ಆಗ ಗೊತ್ತಾಯಿತು. ನಾಚಿಕೆ ಪಕ್ಕಕ್ಕಿಟ್ಟು ಕುರ್ತಾ ಮೇಲೆತ್ತಿ ನನ್ನ ಹೊಟ್ಟೆ ತೋರಿಸಿದೆ. ಹೊಕ್ಕಳ ಸುತ್ತ ನಾಲ್ಕು. ಬಸುರಿಯಾದಾಗ ಹಿಗ್ಗಿ ಅಗಲವಾಗಿದ್ದವು ನಿಜ, ಆದರೆ ಅವೇ ಗುರುತುಗಳು, ಅದೇ ಜಾಗ.

ಡಾಕ್ಟರಮ್ಮ ಫೋನ್ ಕೆಳಗಿಟ್ಟರು. ಕನ್ನಡಕ ಸರಿಮಾಡಿಕೊಂಡು ಹತ್ತಿರ ಬಂದು ನೋಡಿದರು. ಕೂಸು ಹೊಟ್ಟೆನೋವಿಗೆ ಅತ್ತಿದ್ದು, ಒಲೆ ಊದಿದ್ದು, ಕೊಂಬು ಕಾಯಿಸಿದ್ದು, ಎಲ್ಲವನ್ನೂ ಕೈಸನ್ನೆಯಲ್ಲೇ ಮಾಡಿ ತೋರಿಸಿ, "ಮೈ ಮದರ್, ಇಂಡಿಯಾ" ಅಂದೆ. ಅವರು ತಲೆಯಾಡಿಸಿದರು. ಆಮೇಲೆ ನನ್ನ ಕಡೆ ಬೆರಳು ಮಾಡಿ, "ಯೂ?" ಅಂದರು.

ಸುಳ್ಳು ಹೇಳಬಹುದಿತ್ತು. ನಾನು ಮನೇಲೇ ಇರಲಿಲ್ಲ ಅಂತ ಕೈಯಾಡಿಸಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಎಲ್ಲಾನೂ ಅವ್ವನೊಬ್ಬಳ ತಲೆಗೆ ಕಟ್ಟೋಕೆ ಮನಸ್ಸು ಬರಲಿಲ್ಲ. ಎರಡೂ ಮುಷ್ಟಿ ಬಿಗಿಹಿಡಿದು ತೋರಿಸಿದೆ. ಕೂಸಿನ ಕಾಲು ಒತ್ತಿ ಹಿಡಿದುಕೊಂಡವಳು ನಾನು. ಆ ಕಾಲುಗಳು ಅವತ್ತು ಎಷ್ಟು ಒದ್ದಾಡಿದ್ದವು ಅನ್ನುವುದು ಕೈಗೆ ಮತ್ತೆ ಗೊತ್ತಾದ ಹಾಗಾಗಿ ಅತ್ತುಬಿಟ್ಟೆ.

ಡಾಕ್ಟರಮ್ಮ ಬೈಯಲಿಲ್ಲ. ನನ್ನ ಮುಷ್ಟಿಗಳನ್ನು ಬಿಡಿಸಿ, ನರ್ಸಿನಿಂದ ಕೂಸನ್ನು ಈಸಿಕೊಂಡು ತಾವೇ ನನ್ನ ಕೈಗಿಟ್ಟರು. "ನೆವರ್ ಅಗೇನ್" ಅಂದರು. ಆರು ತಿಂಗಳು, ಹದಿನೈದು ದಿನಕ್ಕೊಂದು ಸಲ ಕೂಸನ್ನು ತಂದು ತೋರಿಸಬೇಕು ಅಂತ ಚೀಟಿ ಬರೆದುಕೊಟ್ಟರು. ನಾನು ಒಂದು ಸಲವೂ ತಪ್ಪಿಸಲಿಲ್ಲ.

ಮನೆಗೆ ಬಂದವಳೇ ಅವ್ವನಿಗೆ ಫೋನ್ ಹಚ್ಚಿದೆ. ಹೆದರಿಕೆಯೆಲ್ಲ ಸಿಟ್ಟಾಗಿತ್ತು. "ನಿನ್ನ ಬರೆ ಹಾಳಾಗಿಹೋಗ! ಇವತ್ತು ನನ್ನ ಕೂಸ್ನೇ ಕಳ್ಕಂತಿದ್ದೆ" ಅಂತ ನಡೆದದ್ದನ್ನೆಲ್ಲ ಕಕ್ಕಿದೆ. ಅವ್ವನ ಬಾಯಿ ನನಗಿಂತ ಜೋರು, ಜಗಳಕ್ಕೇ ಬರ್ತಾಳೆ ಅಂದುಕೊಂಡಿದ್ದೆ. ಎಲ್ಲಾ ಕೇಳಿಸಿಕೊಂಡಳು.

"ನಿಂಗೆ ನಿಮ್ಮಜ್ಜಿ ಬರೆ ಹಾಕ್ದಾಗ ಕಾಲು ಹಿಡ್ಕಂಡಿದ್ದು ನಾನೇ ಕಣೆ" ಅಂದಳು ಆಮೇಲೆ. "ಕಣ್ಣು ಮುಚ್ಕಂಡು ಹಿಡ್ಕಂಡಿದ್ದೆ. ಬ್ಯಾಡ ಬಿಡವ್ವ ಅಂತ ಒಬ್ರು ಅಂದಿದ್ರೂ ಬಿಟ್ಬಿಡ್ತಿದ್ದೆ. ಯಾರೂ ಅನ್ಲಿಲ್ಲ."

ನನಗೆ ಬ್ಯಾಡ ಅಂದವರು ಇದ್ದರು. ಅವತ್ತು ನಮ್ಮನೆಯವರ ಫೋನ್ ಕಟ್ ಮಾಡಿಯೇ ನಾನು ಕೂಸಿನ ಕಾಲು ಹಿಡಿದಿದ್ದು.