ಬ್ರಿಜಿಟ್ ಬಾಯಿ ಆರಿಸಿದ ಪಿಕಪ್

ಕುವೈತಿನ ಬ್ನೇದ್ ಅಲ್ ಗಾರ್‌ನ ನಮ್ಮ ಕಟ್ಟಡದಲ್ಲಿ ಬ್ರಿಜಿಟ್ ಬಾಯಿಯನ್ನು ಅರಿಯದವರಿರಲಿಲ್ಲ. ಉಡುಪಿಯ ಶಿರ್ವ ಕಡೆಯವರು, ಆಸ್ಪತ್ರೆಯಲ್ಲಿ ನರ್ಸ್. ಯಾರ ಮಗುವಿಗೆ ಜ್ವರ ಬಂದರೂ ಡ್ಯೂಟಿಯ ಬಿಳಿ ಬಟ್ಟೆಯಲ್ಲೇ ಮೆಟ್ಟಿಲಿಳಿದು ಬರುವರು. ಗಂಡ ಕೊನ್ರಾಡ್ ಒಂದು ಆಫೀಸಿನಲ್ಲಿ ಅಕೌಂಟೆಂಟ್; ಆಸೆ ಹುಟ್ಟಿದರೆ ತಡೆಯಲಾಗದ ಮನುಷ್ಯ.

2005ರಲ್ಲಿ, ಚಳಿ ಶುರುವಾಗುವ ಹೊತ್ತಿಗೆ, ಕುವೈತ್ ಬಿಟ್ಟು ಹೋಗುತ್ತಿದ್ದ ಬ್ರಿಟಿಷ್ ಮ್ಯಾನೇಜರೊಬ್ಬ ತನ್ನ ಹಳೇ ಕ್ಯಾರವಾನನ್ನು ಕೊನ್ರಾಡರಿಗೆ ಸುಮ್ಮನೆ ಕೊಟ್ಟುಬಿಟ್ಟ. ಗಾಡಿಯ ಹಿಂದೆ ಕಟ್ಟಿ ಎಳೆಯುವ ಚಕ್ರದ ಮನೆ ಅದು. ಮಂಚ, ಒಲೆ, ನೀರಿನ ಟ್ಯಾಂಕ್ ಎಲ್ಲ ಒಳಗೇ.

"ಇನ್ನು ಚಳಿಗಾಲಕ್ಕೆ ಕುವೈತಿಗಳ ಹಾಗೆ ಮರುಭೂಮಿಯಲ್ಲಿ ನಮ್ಮದೂ ಕ್ಯಾಂಪ್!" ಎಂದು ಕೊನ್ರಾಡ್ ಕುಣಿದರು.

"ಎಳೆಯುವುದು ಯಾರು, ನೀವಾ?" ಎಂದರು ಬ್ರಿಜಿಟ್. ಅವರಲ್ಲಿದ್ದದ್ದು ಪುಟ್ಟ ಕಾರು.

ರಜೆಯ ದಿನವಾದ ಶುಕ್ರವಾರ, ಇಗರ್ಜಿಯಿಂದ ನೇರ ಹಳೇ ಗಾಡಿ ಮಾರುವ ಮೊಯ್ದಿನಬ್ಬರ ಅಂಗಳಕ್ಕೆ ಹೋದರು. ಕೊನ್ರಾಡರ ಕಣ್ಣು ಕೆಂಪು ಪಿಕಪ್ ಒಂದರ ಮೇಲೆ ನೆಟ್ಟಿತು.

"ಎಂಜಿನ್ ನೋಡು, ಹುಲಿ!"

"ಹುಲಿ ಓಡ್ತದೆ. ನಮಗೆ ಎಳೆಯುವುದು ಬೇಕು. ಕ್ಯಾರವಾನ್ ಕಟ್ಟಿ ನೋಡದೆ ನಾನು ಒಪ್ಪುವುದಿಲ್ಲ."

ಮೊಯ್ದಿನಬ್ಬ ನಕ್ಕರು. "ಬಾಯಿ, ಹುಡುಗಿ ನೋಡಲು ಬಂದವರೂ ಇಷ್ಟು ಪರೀಕ್ಷೆ ಮಾಡುವುದಿಲ್ಲ ಮಾರಾಯ್ರೆ!" ಆದರೂ ತಮ್ಮ ಕ್ರೇನ್ ಗಾಡಿ ಕಳಿಸಿ ಕ್ಯಾರವಾನ್ ತರಿಸಿದರು. ಬ್ರಿಜಿಟ್ ಅದರ ಟ್ಯಾಂಕಿಗೆ ನೀರು ತುಂಬಿಸಿ, ಒಳಗೆ ಅಕ್ಕಿ ಚೀಲಗಳನ್ನೂ ಹೇರಿಸಿದರು. "ನಾವೇನು ಖಾಲಿ ಹೋಗ್ತೇವಾ?"

ಕಟ್ಟಿದ್ದೇ ತಡ, ಕೆಂಪು ಪಿಕಪ್ಪಿನ ಹಿಂಭಾಗ ಕುಸಿದು ಮೂತಿ ಆಕಾಶಕ್ಕೆದ್ದಿತು. ರಸ್ತೆಯಲ್ಲಿ ಬ್ರೇಕ್ ಒತ್ತಿದಾಗಲಂತೂ ಕ್ಯಾರವಾನೇ ಹಿಂದಿನಿಂದ ದೂಡಿ ಗಾಡಿಯನ್ನು ಅತ್ತಿತ್ತ ಓಲಾಡಿಸಿತು. ಬಿಳಿಚಿಕೊಂಡು ಇಳಿದ ಕೊನ್ರಾಡ್, "ಖಲಾಸ್, ಇದು ಬೇಡ" ಎಂದರು.

ಮೂಲೆಯಲ್ಲಿ ಮರಳಿನ ಬಣ್ಣಕ್ಕೆ ಮಾಸಿದ ಇನ್ನೊಂದು ಪಿಕಪ್ ಇತ್ತು. ಉದ್ದನೆಯ ಮೈ, ಗಟ್ಟಿ ಸ್ಪ್ರಿಂಗು. ಎಳೆಯುವ ಕೊಕ್ಕೆ ಬಂಪರಿಗಲ್ಲ, ಅಡಿಯ ಉಕ್ಕಿನ ಚೌಕಟ್ಟಿಗೇ ಬಿಗಿದಿತ್ತು. ಅದು ಅಷ್ಟೂ ಭಾರವನ್ನು ಅಲುಗಾಡದೆ ಎಳೆಯಿತು, ಬ್ರೇಕ್ ಒತ್ತಿದಲ್ಲೇ ನಿಂತಿತು.

"ಸೀಟು ಹಲಗೆಯ ಹಾಗಿದೆ. ಬಣ್ಣವೂ ಇಲ್ಲ," ಎಂದು ಗೊಣಗಿದರು ಕೊನ್ರಾಡ್.

"ಎಳೆಯುವುದು ಬಣ್ಣವಾ?" ಎಂದ ಬ್ರಿಜಿಟ್ ಅದನ್ನೇ ಕೊಂಡರು. ಸೀಟಿಗೆ ದಿಂಬು ಹೊಲಿದರು.

ಮೊದಲ ಕ್ಯಾಂಪಿನ ದಿನ ಮರಳುಗಾಡಿನವರೆಗೆ ಕೊನ್ರಾಡರೇ ಗತ್ತಿನಿಂದ ಓಡಿಸಿದರು. ಆದರೆ ಕ್ಯಾರವಾನನ್ನು ಹಿಮ್ಮುಖವಾಗಿ ಜಾಗಕ್ಕೆ ಸೇರಿಸಲು ಹೋದಾಗ, ಅವರು ಬಲಕ್ಕೆ ತಿರುಗಿಸಿದರೆ ಅದು ಎಡಕ್ಕೆ ಹೋಗುತ್ತಿತ್ತು. ಪಕ್ಕದ ಟೆಂಟಿನ ಕುವೈತಿ ಅಜ್ಜ ಚಹಾ ಲೋಟ ಹಿಡಿದು "ಯಲ್ಲಾ, ಯಲ್ಲಾ!" ಎಂದು ಹುರಿದುಂಬಿಸುತ್ತಲೇ ಇದ್ದ. ಕೊನೆಗೆ ಬ್ರಿಜಿಟ್ ಸ್ಟಿಯರಿಂಗ್ ಹಿಡಿದರು. ಮೆಲ್ಲನೆ, ಒಂದೆರಡು ಸಲ ಇಳಿದು ನೋಡಿ, ಸರಿಯಾಗಿ ಕೂರಿಸಿದರು.

ಸ್ವಲ್ಪ ಹೊತ್ತಿಗೆ ಅಜ್ಜನ ಟೆಂಟಿನಿಂದ ದೊಡ್ಡ ತಟ್ಟೆಯಲ್ಲಿ ಬಿಸಿ ಅನ್ನ, ಕುರಿ ಮಾಂಸ ಬಂತು. ಕೊನ್ರಾಡ್ ಕೈ ಚಾಚಿದರು. ತಂದವನು ತಲೆಯಾಡಿಸಿ, ತಟ್ಟೆಯನ್ನು ಬ್ರಿಜಿಟರ ಮುಂದಿಟ್ಟ.

"ಇದು ಡ್ರೈವರಿಗಂತೆ!"

ಕೊನ್ರಾಡರಷ್ಟು ಜೋರಾಗಿ ಅಲ್ಲಿ ಇನ್ಯಾರೂ ನಗಲಿಲ್ಲ. ಬ್ರಿಜಿಟ್ ಒಳ್ಳೆಯ ತುಂಡೊಂದನ್ನು ಆರಿಸಿ ಅವರಿಗೇ ಬಡಿಸಿದರು.