ಒಂದೇ ಚಾರ್ಜು

ಮದ್ದೂರಿನ ಬಸ್ ಸ್ಟ್ಯಾಂಡಿನ ಹಿಂದಿನ ಪ್ರೆಸ್ಸಿನಲ್ಲಿ ನಾಗಮಣಿ ಮದುವೆ ಕರೆಯೋಲೆ, ತಿಥಿ ಕಾರ್ಡು ಮಾಡಿಕೊಂಡೇ ಕೂದಲು ನೆರೆಸಿಕೊಂಡವಳು. ಯಾವ ಮನೆಯ ಕಾರ್ಡಿಗೆ ಗಣಪತಿ ಬೇಕು, ಯಾವ ಮನೆಯದಕ್ಕೆ ಮಾದಪ್ಪ ಬೇಕು ಅನ್ನುವುದು ಕೇಳದೆಯೇ ಗೊತ್ತು. ಅಂಥವಳ ಮುಂದೆ ಮಂಡ್ಯದ ವಂಶಿ ಒಂದು ಕಾರಿನ ಫೋಟೋ ತಂದಿಟ್ಟ. ಗೆಜ್ಜಲಗೆರೆಯಲ್ಲಿ ಹೊಸದಾಗಿ ಕಾರಿನ ಅಂಗಡಿ ತೆರೆದಿದ್ದ. ಪೆಟ್ರೋಲಿಲ್ಲ, ಹೊಗೆಯಿಲ್ಲ, ಸದ್ದೂ ಇಲ್ಲ, ಬರೀ ಕರೆಂಟಿನಲ್ಲಿ ಓಡುವ ಪುಟ್ಟ ಕಾರು. ಆಗ ಅಂಥದ್ದನ್ನು ಈ ಕಡೆ ಯಾರೂ ಕಂಡಿರಲಿಲ್ಲ. ಕಂಪನಿಯವರ ಕರಪತ್ರ ಇಲ್ಲಿಯವರಿಗೆ ತಿಳಿಯುವುದಿಲ್ಲ, ನೀವೇ ಒಂದು ಮಾಡಿಕೊಡಿ, ಜನಕ್ಕೆ ಅರ್ಥವಾದರೆ ಮುಂದಿನ ಬೋರ್ಡು, ಫ್ಲೆಕ್ಸು ಎಲ್ಲ ನಿಮ್ಮದೇ, ಇಲ್ಲದಿದ್ದರೆ ಬೆಂಗಳೂರಿನವರಿಗೇ ಕೊಡುತ್ತೇನೆ ಅಂದ.

ನಾಗಮಣಿಗೆ ಆಸೆ ಹತ್ತಿತು. ತಿಥಿ ಕಾರ್ಡು ಮಾಡಿದವಳು ಯಾರು ಅಂತ ಯಾರು ಕೇಳುತ್ತಾರೆ? ತಾನು ಮಾಡಿದ ಬೋರ್ಡು ಹೆದ್ದಾರಿಯಲ್ಲಿ ನಿಂತರೆ ಬಸ್ಸಿನಲ್ಲಿ ಹೋಗುವವರೆಲ್ಲ ಕತ್ತು ಹೊರಳಿಸಿ ನೋಡುತ್ತಾರೆ. ಕಾರನ್ನು ನಡುವಿಗಿಟ್ಟು, ರೂಢಿಯಂತೆ ಸುತ್ತ ಮಾವಿನೆಲೆಯ ಅಂಚು ಹಾಕಿ, ಕೆಳಗೆ ದಪ್ಪ ಅಕ್ಷರದಲ್ಲಿ ಬರೆದಳು: ‘ಒಂದೇ ಚಾರ್ಜು. ಮಳವಳ್ಳಿಗೆ ಹೋಗಿ ಬನ್ನಿ.’ ವಂಶಿಗೂ ಹಿಡಿಸಿತು.

ಕರಪತ್ರ ಹಂಚಿಸಿ, ಕಾರನ್ನು ಬಸ್ ಸ್ಟ್ಯಾಂಡಿನ ಹತ್ತಿರ ತೋರಿಸಲು ನಿಲ್ಲಿಸಿದ ದಿನ ಜನವೋ ಜನ. ನಾಗಮಣಿ ಹಿಗ್ಗಿದಳು. ಆದರೆ ಒಬ್ಬರೂ ಬೆಲೆ ಕೇಳಲಿಲ್ಲ, ಎಷ್ಟೊತ್ತಿಗೆ ಬಿಡುತ್ತೀರಿ ಅಂತ ಕೇಳಿದರು. ಸೊಪ್ಪು ಮಾರುವ ಚಿಕ್ಕಬೋರಮ್ಮ ಬುಟ್ಟಿ ಸಮೇತ ಮುಂದಿನ ಸೀಟಿನಲ್ಲಿ ಕೂತೇಬಿಟ್ಟಳು. ಅವಳ ಮಗಳ ಮನೆ ಮಳವಳ್ಳಿಯಲ್ಲಿತ್ತು. ಇದು ಬಸ್ಸಲ್ಲ, ಇಳಿಯಮ್ಮ ಅಂತ ವಂಶಿ ಎಷ್ಟು ಹೇಳಿದರೂ ಕೇಳಲಿಲ್ಲ.

“ಬಸ್ಸಲ್ಲ ಅಂತ ನಂಗೂ ಕಾಣ್ತದೆ ಕಣಪ್ಪ. ಓಗಕ್ಕೂ ಬರಕ್ಕೂ ಒಂದೇ ಚಾರ್ಜು ಅಂತ ಬರ್ದಿರೋರು ನೀವೇ ತಾನೆ? ಕೊಡ್ತೀನಿ, ಗಾಡಿ ಬುಡು.”

ಆಗ ನಾಗಮಣಿಗೆ ಹೊಳೆಯಿತು. ಇವರೆಲ್ಲ ಓದಿಕೊಂಡಿದ್ದು ಬಸ್ ಚಾರ್ಜು. ತಾನು ಬರೆದಿದ್ದು ಬ್ಯಾಟರಿಗೆ ತುಂಬುವ ಚಾರ್ಜು. ಅವರು ಓದಿದ್ದೂ ತಪ್ಪಲ್ಲ, ತಾನು ಬರೆದದ್ದೂ ತಪ್ಪಲ್ಲ. ಹಾಗಾದರೆ ಜನಕ್ಕೆ ಅರ್ಥವಾಯಿತೋ ಇಲ್ಲವೋ?

ಅಷ್ಟು ಜನರ ಮುಂದೆ ರಗಳೆ ಬೇಡವೆಂದು ವಂಶಿ ಹೊರಟೇಬಿಟ್ಟ. ನಾಗಮಣಿ ಹಿಂದಿನ ಸೀಟಿನಲ್ಲಿ ಮಂಡಿ ಮಡಿಚಿ ಮುದುಡಿಕೊಂಡಳು. ಊರು ದಾಟಿ ಕಬ್ಬಿನ ಗದ್ದೆ ಸಿಕ್ಕಿದರೂ ಚಿಕ್ಕಬೋರಮ್ಮ, ಹಿಂದಿನಿಂದ ತಳ್ಳುತ್ತಿರುವವರು ಯಾರು, ಇಂಜಿನ್ನು ಯಾವಾಗ ಹಚ್ಚುತ್ತೀಯ ಅಂತ ಕೇಳುತ್ತಲೇ ಇದ್ದಳು. ಮಗಳ ಮನೆಗೆ ಸಬ್ಬಸಿಗೆ ಸೊಪ್ಪು ಕೊಟ್ಟು, ಕಾಫಿ ಕುಡಿದು, ಅದೇ ಕಾರಿನಲ್ಲಿ ವಾಪಸ್ಸು ಬಂದು, ಒಂದು ಬಸ್ ಚಾರ್ಜನ್ನು ವಂಶಿಯ ಕೈಗಿಟ್ಟು ಹೋದಳು. ಕಾರೂ ಎಲ್ಲೂ ನಿಲ್ಲದೆ ಒಂದೇ ಚಾರ್ಜಿನಲ್ಲಿ ಹೋಗಿ ಬಂದಿತ್ತು.

ವಂಶಿ ನಗಲಿಲ್ಲ. “ಇನ್ನೊಂದೇ ಸಲ ನೋಡ್ತೀನಿ ಮೇಡಂ. ಇದು ಕೊಳ್ಳೋ ಕಾರು ಅಂತ ತಿಳಿಯೋ ಹಾಗೆ ಬೋರ್ಡು ಬರೀರಿ.”

ನಾಗಮಣಿ ಕರಪತ್ರವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಮಾರುವ ಮಾತೇ ಅದರಲ್ಲಿರಲಿಲ್ಲ. ಕರೆಯೋಲೆ ಮಾಡಿದ ಕೈಗೆ ‘ಬನ್ನಿ’ ಅನ್ನುವುದು ಮಾತ್ರ ಬರುತ್ತಿತ್ತು. ಈ ಸಲ ಕೆಂಪಕ್ಷರದಲ್ಲಿ ‘ಈ ಕಾರು ಮಾರಾಟಕ್ಕಿದೆ’ ಅಂತ ಬರೆದು ಕಳಿಸಿದಳು.

ಬೋರ್ಡು ನಿಂತ ಮಾರನೆಯ ದಿನ ಚಿಕ್ಕಬೋರಮ್ಮ ಪ್ರೆಸ್ಸಿಗೆ ಬಂದಳು. ಮುಖ ಸಪ್ಪಗಿತ್ತು.

“ಒಂದೇ ಟ್ರಿಪ್ಪಿಗೆ ಮಾರಕ್ಕೆ ಇಟ್ಬುಟ್ನಂತಲ್ಲವ್ವ ಆ ಉಡ್ಗ. ನಾನು ಕೊಟ್ಟ ಚಾರ್ಜು ಸಾಲ್ದೇ ಓಯ್ತಾ?”

ಅಷ್ಟರಲ್ಲಿ ವಂಶಿಯ ಫೋನು ಬಂತು. ಬೆಳಗಿನಿಂದ ಅಂಗಡಿಗೆ ಜನ ಬರುತ್ತಿದ್ದಾರಂತೆ. ಯಾಕಪ್ಪ ಮಾರ್ತಿದ್ದೀಯ, ಎಷ್ಟು ಓಡಿದೆ, ಏನು ಕೆಟ್ಟಿದೆ ಅಂತ ಕೇಳುವವರೇ ಎಲ್ಲ. ಆದರೆ ಬಸರಾಳಿನ ಮೇಷ್ಟ್ರೊಬ್ಬರು ಮಾತ್ರ ಕೂತು ಬೆಲೆ ಮಾತಾಡುತ್ತಿದ್ದಾರೆ. ಹೊಸ ಕಾರು ಅಂತ ಬಂದರೋ ಹಳೆಯದು ಅಂತ ಬಂದರೋ ತನಗೂ ಗೊತ್ತಾಗುತ್ತಿಲ್ಲ, ಮುಂದಿನ ಬೋರ್ಡೂ ನೀವೇ ಮಾಡಿ, ‘ಹೊಸದು’ ಅಂತ ಸೇರಿಸಿ ಅಂದ.

ಕೆಲಸ ಉಳಿಯಿತು. ಹೇಗೆ ಉಳಿಯಿತು ಅನ್ನುವುದು ನಾಗಮಣಿಗೆ ತಿಳಿಯಲಿಲ್ಲ. ‘ಹೊಸ ಕಾರು’ ಅಂತ ಟೈಪು ಮಾಡಿದಳು. ಪ್ರಿಂಟಿಗೆ ಕೊಡಲು ಹೋದ ಕೈ ತಡೆಯಿತು. ಚಿಕ್ಕಬೋರಮ್ಮನನ್ನು ಸ್ಟೂಲಿನ ಮೇಲೆ ಕೂರಿಸಿ, ತಾನೇ ಅದನ್ನು ಓದಿ ಹೇಳಿ, ಏನು ತಿಳಿಯಿತು ಅಂತ ಕೇಳಿದಳು.

ಚಿಕ್ಕಬೋರಮ್ಮನ ಮುಖ ಅರಳಿತು. “ಅಳೇದು ಮಾರಿ ಒಸಾದು ತಗಂಡ್ನಾ? ನಾಳೀಕೆ ಎಷ್ಟೊತ್ಗೆ ಬುಡ್ತಾನೆ?”