ಬೋರಲು ಹಾಕಿದ ಬುಟ್ಟಿ

ಕೊರೊನಾ ಕಳೆದು ಸಂತೆ, ಪೇಟೆಗಳೆಲ್ಲ ಮೊದಲಿನಂತೆ ನೆರೆಯತೊಡಗಿದ ಕಾಲ. ನಾನು ಕಾರವಾರದಲ್ಲಿ ನಗರ ಯೋಜನಾಧಿಕಾರಿಯಾಗಿದ್ದೆ. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಹುಟ್ಟಿದ್ದು ಅಂಕೋಲೆಯಲ್ಲಾದರೂ ನೌಕರಿಯ ಬಹುಪಾಲು ಬಯಲುಸೀಮೆಯಲ್ಲೇ ಸವೆದಿತ್ತು. ಅರ್ಜಿಯ ಮೇಲೆ ಅರ್ಜಿ ಹಾಕಿ, ಕಂಡಕಂಡವರಿಗೆಲ್ಲ ಕೈಮುಗಿದು, ಕೊನೆಗೆ ಊರ ಕಡೆಯ ಪೋಸ್ಟಿಂಗ್ ಗಿಟ್ಟಿಸಿದ್ದೆ. ಕಚೇರಿಯ ಕಿಟಕಿ ತೆರೆದರೆ ಸಮುದ್ರ ಕಾಣುತ್ತಿತ್ತು. ಊಟವಾದ ಮೇಲೆ ಆ ಗಾಳಿಗೆ ಮುಖವೊಡ್ಡಿ ಕೂತರೆ, ಫೈಲು ನೋಡುತ್ತಿದ್ದೇನೋ ಬಾಲ್ಯದಲ್ಲಿ ತೇಲುತ್ತಿದ್ದೇನೋ ನನಗೇ ತಿಳಿಯುತ್ತಿರಲಿಲ್ಲ.

ಹಾಗೆ ತೇಲುವಾಗ ಮತ್ತೆ ಮತ್ತೆ ಬರುತ್ತಿದ್ದ ಒಂದು ದೃಶ್ಯವನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಚಿಕ್ಕವಳು. ಅಮ್ಮನ ಸೆರಗು ಹಿಡಿದುಕೊಂಡು ಮೀನುಪೇಟೆಯಲ್ಲಿ ನಿಂತಿದ್ದೇನೆ. ಒಂದು ಬುಟ್ಟಿ ಬೋರಲಾಗಿದೆ. ಅದರ ಮುಂದೆ ಎಲೆಯ ಮೇಲೆ ಬಂಗಡೆಯ ಒಂದು ಪಾಲು. ಪಾಲು ಎಂದರೆ ತಕ್ಕಡಿಯಿಲ್ಲದೆ ಕಣ್ಣಳತೆಯಲ್ಲಿ ಗುಡ್ಡೆ ಹಾಕಿದ ಮೀನು. ಬುಟ್ಟಿಯ ಹಿಂದೆ ಯಾರೂ ಕೂತಿಲ್ಲ. ಅಮ್ಮ ಆ ಬುಟ್ಟಿಯನ್ನೇ ನೋಡಿ, "ನಾಗಮ್ಮಾ, ಒಂದು ಪಾಲು ತಕಂಡೆನೇ" ಎಂದು ಹೇಳಿ, ದುಡ್ಡನ್ನು ಎಲೆಯಂಚಿನ ಕೆಳಗೆ ಸಿಕ್ಕಿಸಿ ಹೊರಡುತ್ತಾಳೆ. ಇದು ಕನಸೆಂದೇ ನಾನು ನಂಬಿದ್ದೆ. ಬಳ್ಳಾರಿಯಲ್ಲಿದ್ದಾಗ ನನ್ನವರಿಗೆ ಹೇಳಿದರೆ, "ಮೀನು ತಿನ್ನದೆ ಬಹಳ ದಿನ ಆಯಿತಲ್ಲ, ಅದಕ್ಕೇ ಕನಸಿಗೆ ಬರುತ್ತಿದೆ" ಎಂದು ನಗುತ್ತಿದ್ದರು.

ಕಾರವಾರಕ್ಕೆ ಬಂದ ಮೊದಲ ಮಳೆಗಾಲ ಮುಗಿಯುವ ಹೊತ್ತಿಗೆ ನನ್ನ ಮೇಜಿಗೆ ಒಂದು ಕೆಲಸ ಬಂತು. ಅಂಕೋಲಾ ಸೀಮೆಯ ಒಂದು ಮೀನುಪೇಟೆಗೆ ಹೊಸ ಕಟ್ಟಡ ಮಂಜೂರಾಗಿತ್ತು. ಯಾವ ಪೇಟೆ ಎಂದು ಹೇಳುವುದಿಲ್ಲ, ಅದರಿಂದ ಯಾರಿಗೂ ಉಪಯೋಗವಿಲ್ಲ. ಸಿಮೆಂಟಿನ ಕಟ್ಟೆಗಳು, ನಲ್ಲಿ, ಚರಂಡಿ, ಮೇಲೆ ಚಾವಣಿ. ತಲೆಯ ಮೇಲೆ ಹರಿದ ಪ್ಲಾಸ್ಟಿಕ್ ಕಟ್ಟಿಕೊಂಡು ಕೂರುತ್ತಿದ್ದ ಹೆಂಗಸರಿಗೆ ಅದು ಸಣ್ಣ ವಿಷಯವಲ್ಲ. ಕಟ್ಟೆಗಳನ್ನು ಯಾರಿಗೆ ಕೊಡಬೇಕು ಎಂಬುದಕ್ಕೆ ಮೇಲಿನಿಂದ ಒಂದು ಕರಡು ನಿಯಮ ಬಂದಿತ್ತು. ಇದೇ ಕರಡು ಮುಂದೆ ಎಲ್ಲ ಊರಿನ ಪೇಟೆಗಳಿಗೂ ಮಾದರಿಯಾಗುವುದಿತ್ತು. ಸಮೀಕ್ಷೆಯ ದಿನ ಜಾಗದಲ್ಲಿ ಕೂತಿದ್ದವರಿಗೆ ಕಟ್ಟೆ. ಖಾಲಿ ಕಂಡ ಜಾಗಗಳು ಹರಾಜಿಗೆ. ಮುಂದೆಯೂ ಯಾವ ಕಟ್ಟೆ ತೊಂಬತ್ತು ದಿನ ಸತತವಾಗಿ ಖಾಲಿ ಇರುತ್ತದೋ ಅದು ಹರಾಜಿಗೆ. ಓದಿದರೆ ತಪ್ಪೇನೂ ಕಾಣದ ನಿಯಮ. ಹರಾಜಾದರೆ ಅದು ಲಾರಿಯಲ್ಲಿ ಐಸ್ ಪೆಟ್ಟಿಗೆ ತರಿಸುವ ದೊಡ್ಡ ವ್ಯಾಪಾರಿಗಳ ಪಾಲಾಗುತ್ತದೆ ಎಂಬುದು ಮಾತ್ರ ಎಲ್ಲರಿಗೂ ಗೊತ್ತಿತ್ತು.

ಸಮೀಕ್ಷೆಯವರು ಹಲವು ಜಾಗಗಳನ್ನು ಖಾಲಿ ಎಂದು ಗುರುತಿಸಿ ಕಳಿಸಿದ್ದರು. ಅಷ್ಟೊಂದು ಖಾಲಿ ಹೇಗೆ ಎಂದು ನೋಡಲು ನಾನೇ ಹೋದೆ. ಹನ್ನೊಂದರ ಬಿಸಿಲು. ಪೇಟೆ ಗಿಜಿಗುಡುತ್ತಿತ್ತು. ತಾರ್ಲೆ, ನೊಗಲಿ ಮೀನುಗಳ, ಶೆಟ್ಲಿ ಎಂಬ ಸಿಗಡಿಯ ರಾಶಿಗಳ ನಡುವೆ ಅಲ್ಲೊಂದು ಇಲ್ಲೊಂದು ಬುಟ್ಟಿ ಬೋರಲಾಗಿತ್ತು. ಪ್ರತಿ ಬುಟ್ಟಿಯ ಮುಂದೂ ಎಲೆಯ ಮೇಲೆ ಒಂದು ಪಾಲು ಮೀನು. ನಾನು ನಡೆಯುತ್ತಿದ್ದವಳು ನಿಂತುಬಿಟ್ಟೆ. ಐವತ್ತು ವರ್ಷ ಕನಸೆಂದು ಹೊತ್ತು ತಿರುಗಿದ್ದು ಇಲ್ಲಿ ಹಾಡಹಗಲಲ್ಲಿ ನೊಣ ಮುತ್ತಿಸಿಕೊಂಡು ಕೂತಿತ್ತು.

ಅಲ್ಲಿ ನನ್ನನ್ನು ಕರೆದು ಕೂರಿಸಿದವಳು ಹೊನ್ನಮ್ಮ. ಬೇಲೆಕೇರಿಯವಳು, ಪೇಟೆಯ ಹಿರಿಯಳು, ಬಾಯಿ ಬಿಟ್ಟರೆ ಬಂದರಿನವರೆಗೂ ಕೇಳಿಸುವ ಗಂಟಲು. ಬುಟ್ಟಿಯ ವಿಷಯ ಅವಳೇ ಹೇಳಿದಳು. ಒಬ್ಬಳು ಹೆರಿಗೆಗೆ ಹೋದರೆ, ಕಾಯಿಲೆ ಬಿದ್ದರೆ, ಮನೆಯಲ್ಲಿ ಸಾವಾದರೆ ಅವಳ ಬುಟ್ಟಿಯನ್ನು ಅವಳ ಜಾಗದಲ್ಲಿ ಬೋರಲು ಹಾಕುತ್ತಾರೆ. ಅಕ್ಕಪಕ್ಕದವರು ತಮ್ಮ ಮೀನಿನಲ್ಲಿ ಒಂದು ಪಾಲು ತೆಗೆದು ಅದರ ಮುಂದಿಡುತ್ತಾರೆ. ಬಂದ ದುಡ್ಡು ಸಂಜೆ ಅವಳ ಮನೆಗೆ ಹೋಗುತ್ತದೆ. ಅವಳ ಗಿರಾಕಿಗಳು ಅವಳನ್ನು ಮರೆಯುವುದಿಲ್ಲ. ಆ ಜಾಗದಲ್ಲಿ ಬೇರೆಯವರು ಕೂರುವುದು ಹಾಗಿರಲಿ, ಆ ಬುಟ್ಟಿಯನ್ನು ಕೂಡ ಯಾರೂ ಮುಟ್ಟುವುದಿಲ್ಲ.

"ಹಾಗಾದರೆ ಸಮೀಕ್ಷೆಯವರಿಗೆ ಯಾಕೆ ಹೇಳಲಿಲ್ಲ?" ಎಂದೆ.

ಹೊನ್ನಮ್ಮ ಮೀನಿಗೆ ನೀರು ಚಿಮುಕಿಸಿದಳು. "ಅಂದು ನಾವೇ ಬುಟ್ಟಿ ಮುಂದಿನ ಪಾಲು ತೆಗ್ದು ಒಳ್ಗಿಟ್ಟಿದ್ವು ಅಕ್ಕೋರೆ. ಸರ್ಕಾರದವ್ರ ಎದ್ರಿಗೆ ಇನ್ನೊಬ್ಳ ಹೆಸ್ರಲ್ಲಿ ಮಾರೂದು ಮೋಸ ಅಂದ್ಕಂಡಾರು ಹೇಳಿ. ಅವ್ರು 'ಇದು ಯಾರ ಜಾಗೆ' ಹೇಳಿ ಕೇಳಿದ್ರು. ಬಸುರಿ ಬಾಳಂತಿ, ಕಾಯಿಲೆಯವ್ರ, ಸೂತಕದವ್ರ ಹೆಸ್ರನ್ನ ಗುರ್ತಿಲ್ದವ್ರ ಎದ್ರಿಗೆ ಹೇಳೂಕುಂಟಾ? ಕಣ್ಣು ತಾಗ್ತದೆ. ಒಬ್ರೂ ಬಾಯಿ ಬಿಡ್ಲಿಲ್ಲ. ಅವ್ರು ಬರ್ಕಂಡು ಹೋದ್ರು."

ಹೇಗಿದೆ ನೋಡಿ. ಜಾಗ ಉಳಿಸಲೆಂದೇ ಇದ್ದ ಪದ್ಧತಿ, ಆಡಬಾರದ ಹೆಸರಿನಿಂದಾಗಿ ಜಾಗವನ್ನೇ ಕಳೆಯುವ ಹಂತಕ್ಕೆ ಬಂದಿತ್ತು. ಹೊನ್ನಮ್ಮನ ಬಲಗಡೆಯ ಬುಟ್ಟಿ ಶೈಲಾ ಎಂಬ ಹುಡುಗಿಯದು. ಚೊಚ್ಚಲ ಹೆರಿಗೆಗೆ ತವರಿಗೆ ಹೋಗಿದ್ದಳು. ಅತ್ತೆಯಿಂದ ಬಂದ ಆ ಜಾಗ ಒಂದೇ ಅವಳ ಸಂಸಾರಕ್ಕೆ ಆಧಾರ. ಗಂಡ ದೋಣಿಯಲ್ಲಿ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಮನೆಯಲ್ಲೇ ಇದ್ದ. ಕರಡು ಹಾಗೇ ಜಾರಿಯಾದರೆ ಮಗು ಎತ್ತಿಕೊಂಡು ಬಂದವಳಿಗೆ ಕೂರಲು ನೆಲ ಇರುವುದಿಲ್ಲ.

ನನ್ನ ಕೈಯಲ್ಲಿ ಒಂದು ಸುಲಭದ ದಾರಿ ಇತ್ತು. ವಿಶೇಷ ಪ್ರಕರಣ ಎಂದು ಒಂದು ಟಿಪ್ಪಣಿ ಬರೆದರೆ ಶೈಲಾಗೆ ಕಟ್ಟೆ ಸಿಗುತ್ತಿತ್ತು. ನಾನು ಅದಕ್ಕೆ ತಯಾರಾಗಿದ್ದೆ. ಆ ವಾರ ನನ್ನನ್ನು ಕಾಣಲು ಲಲಿತಾ ಬಂದಳು. ಕಾರವಾರ ಮತ್ತು ಅಂಕೋಲೆಯ ದುಡಿಯುವ ಹೆಂಗಸರ ಒಕ್ಕೂಟವೊಂದನ್ನು ನಡೆಸುತ್ತಿದ್ದವಳು. ಮೀನು ಮಾರುವವರು, ಒಣಮೀನಿನವರು, ಬೆಳಂಬಾರದ ಕಡೆಯಿಂದ ತರಕಾರಿ ಹೊತ್ತು ತರುವ ಹಾಲಕ್ಕಿ ಹೆಂಗಸರು ಎಲ್ಲ ಅದರಲ್ಲಿದ್ದರು. ನನ್ನ ಟಿಪ್ಪಣಿಯ ವಿಷಯ ಹೇಳಿದೆ. ಅವಳು ಮೆಚ್ಚುತ್ತಾಳೆ ಎಂದುಕೊಂಡಿದ್ದೆ. "ಒಬ್ಳಿಗೆ ಕೊಟ್ರೆ ಅದು ಉಪಕಾರ ಮೇಡಮ್. ಉಪಕಾರ ನಿಮ್ಮ ವರ್ಗ ಆಗೂವರೆಗೆ ಮಾತ್ರ ಇರ್ತದೆ. ನಮ್ಗೆ ನಿಯಮ ಬದ್ಲಾಗ್ಬೇಕು" ಎಂದಳು.

ನನಗೆ ಸಿಟ್ಟು ಬಂತು. ನಿಯಮ ಬದಲಿಸುವುದೆಂದರೆ ಹುಡುಗಾಟವೇ? ಕರಡಿನ ಮೇಲೆ ಆಕ್ಷೇಪಣೆ ಸಲ್ಲಿಸಬೇಕು, ಬೆಂಗಳೂರಿನಿಂದ ಹಿರಿಯ ಅಧಿಕಾರಿ ಬಂದು ವಿಚಾರಣೆ ನಡೆಸಬೇಕು. ಆಕ್ಷೇಪಣೆ ತಿರಸ್ಕೃತವಾದರೆ ಆಮೇಲೆ ವಿಶೇಷ ಪ್ರಕರಣಕ್ಕೂ ಅವಕಾಶವಿಲ್ಲ. ಇಷ್ಟನ್ನೂ ಹೇಳಿ, "ನಿಮ್ಮ ಹೋರಾಟಕ್ಕೆ ಆ ಹುಡುಗಿಯ ಅನ್ನ ಪಣಕ್ಕಿಡುತ್ತೀರಾ?" ಎಂದು ಕೇಳಿದೆ. ಲಲಿತಾ ಮುಖ ಕೆಂಪು ಮಾಡಿಕೊಳ್ಳಲಿಲ್ಲ. "ಅವಳನ್ನೇ ಕೇಳುವ, ಬನ್ನಿ" ಎಂದಳು.

ಶೈಲಾಳ ತವರು ಚಿತ್ತಾಕುಲ. ಕಾಳಿ ನದಿ ಸಮುದ್ರ ಸೇರುವ ಜಾಗ. ಸಂಜೆಯಾಗುತ್ತಿತ್ತು, ನದಿಯ ನೀರು ಎಲ್ಲಿ ಮುಗಿಯಿತು, ಕಡಲು ಎಲ್ಲಿ ಶುರುವಾಯಿತು ಎಂದು ತಿಳಿಯದ ಹಾಗೆ ಎರಡೂ ಒಂದೇ ಬಣ್ಣಕ್ಕೆ ತಿರುಗಿದ್ದವು. ಮನೆಯೊಳಗೆ ಮಗುವಿಗೆ ಹಾಕಿದ ಸಾಂಬ್ರಾಣಿಯ ಹೊಗೆ. ಆ ಹೊಗೆಯ ಆಚೆ ತಲೆಗೆ ಬಟ್ಟೆ ಕಟ್ಟಿಕೊಂಡು ಶೈಲಾ ಕೂತಿದ್ದಳು. ಇಪ್ಪತ್ತಮೂರೋ ನಾಲ್ಕೋ ಇರಬೇಕು. ನಾನು ಎರಡು ದಾರಿಗಳನ್ನೂ ಬಿಡಿಸಿ ಹೇಳಿದೆ. ಒಂದರಲ್ಲಿ ನಿನ್ನ ಕಟ್ಟೆ ಖಂಡಿತ, ಇನ್ನೊಂದರಲ್ಲಿ ಸಿಕ್ಕರೆ ಎಲ್ಲರಿಗೂ, ಇಲ್ಲದಿದ್ದರೆ ಯಾರಿಗೂ ಇಲ್ಲ.

ಅವಳು ಮಗುವನ್ನು ಒಂದು ತೊಡೆಯಿಂದ ಇನ್ನೊಂದಕ್ಕೆ ಬದಲಿಸಿದಳು.

"ನೀವು ಬರ್ದ್ರೆ ನಂಗೊಂದು ಕಟ್ಟೆ ಆಗ್ತದೆ ಅಕ್ಕೋರೆ. ಆಚೆ ಬದಿ ಗೌರಕ್ಕಂದು? ಅವ್ಳಿಗೆ ಗರ್ಭಕೋಶ ತೆಗ್ದಾರೆ, ಅವ್ಳೂ ಮನೆಲ್ಲೇ ಇದ್ದಾಳೆ. ಅವ್ಳ ಜಾಗೆಗೆ ಐಸ್ ಪೆಟ್ಟಿಗೆಯವ್ರು ಬಂದ್ರೆ, ನಾಳೆ ನನ್ನ ಬುಟ್ಟಿ ಮುಂದೆ ಪಾಲು ಇಡೂರು ಯಾರು?"

ಮೂವತ್ತು ವರ್ಷ ನಕ್ಷೆ ಬರೆದವಳು ನಾನು. ಜಾಗವನ್ನು ಒಂದೊಂದಾಗಿ ಅಳೆಯುವುದು ನನ್ನ ಕಸುಬು. ಅವಳಿಗೆ ತನ್ನ ಜಾಗವೆಂದರೆ ಅಕ್ಕಪಕ್ಕದ ಎರಡೂ ಜಾಗ ಸೇರಿದ್ದು. ಹೊರಡುವಾಗ ಅವಳು ಲಲಿತಾಗೆ ಹೇಳಿದ ಮಾತು ಇನ್ನೂ ದೊಡ್ಡದು. "ಹೊನ್ನತ್ತೆಗೆ ಹೇಳಿ, ನನ್ನ ಹೆಸ್ರು ಹೇಳೂಕಡ್ಡಿಲ್ಲ ಹೇಳಿ." ಒಳಗಿನಿಂದ ಅವಳ ತಾಯಿ ಗದರಿದಳು. ಶೈಲಾ ಮಗುವಿನ ಕೆನ್ನೆಗೆ ಇನ್ನೊಂದು ಕಾಡಿಗೆಯ ಬೊಟ್ಟು ಇಟ್ಟಳು, ಅಷ್ಟೆ.

ಅಲ್ಲಿಂದ ಮುಂದೆ ಕೆಲಸ ಒಕ್ಕೂಟದ್ದು. ಬೇಲೆಕೇರಿಯ ಮರಳಿನ ಮೇಲೆ ಸಭೆ ಸೇರಿದರು. ಹಿಂದೆ ಅದಿರು ಸಾಗಿಸುತ್ತಿದ್ದ ಬಂದರು ಈಗ ತೂಕಡಿಸುತ್ತಿದೆ. ಆ ಮೌನದಲ್ಲಿ ಹೆಂಗಸರ ಮಾತು ಅಲೆಯ ಜೊತೆ ಬಂದು ಹೋಗುತ್ತಿತ್ತು. ತರಕಾರಿಯವರಿಗೇಕೆ ಮೀನುಪೇಟೆಯ ಉಸಾಬರಿ ಎಂದು ಒಬ್ಬಳು ಕೇಳಿದ್ದಕ್ಕೆ, ಬೆಳಂಬಾರದ ಹಾಲಕ್ಕಿ ಮುದುಕಿಯೊಬ್ಬಳು, "ಇಂದು ಅವ್ರ ಪೇಟೆಗೆ ಬಂದದ್ದು ನಾಳೆ ನಮ್ಮ ಸಂತೆಗೂ ಬರ್ತದೆ. ನಾವೇನು ಹೆರೂದಿಲ್ವಾ?" ಎಂದಳು. ಆಕ್ಷೇಪಣೆಯಲ್ಲಿ ಏನು ಕೇಳಬೇಕೆಂದು ಅವರೇ ಗೊತ್ತುಮಾಡಿದರು: ಹೆರಿಗೆ, ಕಾಯಿಲೆ, ಸೂತಕದ ಗೈರುಹಾಜರಿಯನ್ನು ಖಾಲಿ ಎನ್ನಬಾರದು, ಜಾಗವನ್ನು ಅಕ್ಕಪಕ್ಕದವರು ಕಾಯಬಹುದು. ಅದನ್ನು ಕಾನೂನಿನ ಭಾಷೆಗೆ ತಿರುಗಿಸಿಕೊಟ್ಟದ್ದು ಮಾತ್ರ ನಾನು. ಅಧಿಕಾರಿಯಾಗಿ ಅದು ನನ್ನ ಕೆಲಸವೋ ಅಲ್ಲವೋ, ಆಗ ಯೋಚಿಸಲಿಲ್ಲ.

ವಿಚಾರಣೆ ಕಾರವಾರದ ಒಂದು ಸಭಾಂಗಣದಲ್ಲಿ. ನಾನು ಒಳಗೆ ಹೋಗುವಷ್ಟರಲ್ಲಿ ಹೆಂಗಸರು ಬಂದಿದ್ದರು. ಮುಂದಿನ ಸಾಲಿನ ಕುರ್ಚಿಗಳ ಮೇಲೆ ಯಾರೂ ಕೂತಿರಲಿಲ್ಲ. ಪ್ರತಿ ಕುರ್ಚಿಯ ಮೇಲೂ ಬೋರಲು ಹಾಕಿದ ಬುಟ್ಟಿ. ಹೆಂಗಸರು ಅವುಗಳ ಹಿಂದೆ ನಿಂತಿದ್ದರು. ತೊಳೆದು ತಂದಿದ್ದರೂ ಬುಟ್ಟಿಗಳಿಂದ ಕಡಲಿನ ವಾಸನೆ ಎದ್ದು ಹಾಲ್ ತುಂಬ ಹರಡಿತ್ತು. ಫ್ಯಾನು ತಿರುಗುತ್ತಿತ್ತು. ನನಗೆ ಮತ್ತೆ ಅದೇ ಹಳೆಯ ಕನಸಿನೊಳಗೆ ಕಾಲಿಟ್ಟಂತಾಯಿತು, ಅಮ್ಮ ಈಗ ಎಲ್ಲಿಂದಾದರೂ ಬರುತ್ತಾಳೆ ಎನ್ನಿಸಿತು.

ಹಿರಿಯ ಅಧಿಕಾರಿಗಳು ಬಂದರು. ಕೆಟ್ಟವರಲ್ಲ, ಅವಸರದವರು. "ಇದೇನು ಕುರ್ಚಿ ಮೇಲೆ? ತೆಗೆಸಿ, ಇವರಿಗೆ ಕೂರಲು ಹೇಳಿ" ಎಂದರು. ನಮ್ಮ ಕಚೇರಿಯ ಜವಾನ ಗಣಪತಿ ಮುಂದೆ ಹೋದ. ಮೊದಲ ಕುರ್ಚಿಯ ಹತ್ತಿರ ನಿಂತ. ಕೈ ಚಾಚಿ ಹಿಂದಕ್ಕೆಳೆದುಕೊಂಡ.

"ಆಗೂದಿಲ್ಲ ಸಾರ್."

"ಯಾಕೆ?"

"ಯಾರೋ ಒಬ್ರು ಕೂತದ್ದು ಸಾರ್ ಅದು. ನಮ್ಮ ಆಯಿನೂ ಮೀನು ಮಾರ್ತಿದ್ಲು. ಮುಟ್ಟೂಕಾಗೂದಿಲ್ಲ."

ಗಣಪತಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಡ್ರೈವರ್ ಕೂಡ ಇನ್ನೊಂದು ಕಡೆ ನೋಡುತ್ತಿದ್ದ. ಅಧಿಕಾರಿಗಳು ನನ್ನತ್ತ ತಿರುಗಿದರು. ನಾನೂ ಏಳಲಿಲ್ಲ. ಅವರು ಕನ್ನಡಕ ತೆಗೆದು ಕೇಳಿದರು, "ಯಾರು ಕೂತಿದ್ದಾರೆ?"

ಸಮೀಕ್ಷೆಯ ದಿನ ಉತ್ತರ ಬಾರದಿದ್ದ ಪ್ರಶ್ನೆ ಅದು. ಹೊನ್ನಮ್ಮನ ಗಂಟಲು ಮೊದಲ ಸಲ ಸಣ್ಣಗಾಗಿತ್ತು. "ಶೈಲಾ. ಬಾಳಂತಿ. ಗಂಡು ಮಗು. ಬರ್ತಾಳೆ." ಪಕ್ಕದವಳು ಹೇಳಿದಳು, "ಗೌರಿ. ಆಪರೇಷನ್ ಆಗ್ಯದೆ. ಬರ್ತಾಳೆ." ಅದರಾಚೆಯವಳು, "ಮಾದೇವಿ. ಗಂಡ ತೀರ್ಕಂಡ. ಬರ್ತಾಳೆ." ಹೀಗೆ ಕೊನೆಯ ಕುರ್ಚಿಯವರೆಗೂ. ಪ್ರತಿ ಹೆಸರಿಗೂ ಒಬ್ಬೊಬ್ಬಳು ಬಂದು ತನ್ನ ಜಾಗದಲ್ಲಿ ಕೂತಂತೆ ಕಂಡಿತು. ನನ್ನ ಕಣ್ಣು ಒದ್ದೆಯಾಗಿತ್ತು, ಒರೆಸಿಕೊಳ್ಳಲೂ ಇಲ್ಲ.

ಅಧಿಕಾರಿಗಳು ಕರಡನ್ನು ತೆರೆದು, "ಖಾಲಿ ಎಂಬುದಕ್ಕೆ ಇಲ್ಲಿ ವ್ಯಾಖ್ಯೆಯೇ ಇಲ್ಲವಲ್ಲ. ನಿಮ್ಮದೇನಿದೆ, ಓದಿ" ಎಂದರು. ಲಲಿತಾ ನಿಧಾನವಾಗಿ ಓದಿದಳು.

ಪೂರ್ತಿ ಗೆದ್ದೆವು ಎಂದರೆ ಸುಳ್ಳಾಗುತ್ತದೆ. ಆ ಪೇಟೆಯ ಯಾವ ಜಾಗವೂ ಹರಾಜಿಗೆ ಹೋಗಲಿಲ್ಲ, ಶೈಲಾಗೂ ಗೌರಿಗೂ ಅಕ್ಕಪಕ್ಕದಲ್ಲೇ ಕಟ್ಟೆ ಸಿಕ್ಕಿತು. ಆದರೆ ಎಲ್ಲ ಪೇಟೆಗಳಿಗೂ ಅನ್ವಯಿಸುವ ನಿಯಮ ಬೆಂಗಳೂರಿನಿಂದ ತಿರುಗಿ ಬಂದಾಗ ಹೆರಿಗೆ ಮತ್ತು ಕಾಯಿಲೆ ಉಳಿದಿದ್ದವು, ಸೂತಕ ಬಿಟ್ಟುಹೋಗಿತ್ತು. ಒಕ್ಕೂಟ ಅದಕ್ಕಾಗಿ ಇನ್ನೂ ಬರೆಯುತ್ತಲೇ ಇದೆ.

ಆರ್ಥಿಕ ನೀತಿ, ಲಿಂಗ ಸಮಾನತೆ ಎಂಬ ತರಬೇತಿಗಳಿಗೆ ನಾನು ಬೇಕಾದಷ್ಟು ಹೋಗಿದ್ದೆ, ಚಹಾ ಕುಡಿದು ಬಂದಿದ್ದೆ. ಈ ಕೆಲಸ ನನಗೆ ಕಲಿಸಿದ್ದು ಇಷ್ಟು: ಯಾವ ನಿಯಮ ಎದುರಿಗೆ ಬಂದರೂ ಅದು ಖಾಲಿ ಎಂದು ಕರೆಯುವ ಜಾಗದಲ್ಲಿ ಯಾರಿದ್ದಾರೆ ಎಂದು ಮೊದಲು ಕೇಳಬೇಕು. ಮತ್ತು ಉತ್ತರ ಬರುವವರೆಗೆ ಕಾಯಬೇಕು.

ಈಗ ನಿವೃತ್ತಳಾಗಿ ಅಂಕೋಲೆಯಲ್ಲೇ ಇದ್ದೇನೆ. ಕಳೆದ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಆ ಪೇಟೆಗೆ ಹೋಗಿದ್ದೆ. ಶೈಲಾ ತನ್ನ ಕಟ್ಟೆಯ ಮೇಲೆ ಕೂತಿದ್ದಳು. ಮಗ ಕಟ್ಟೆಯ ಕೆಳಗೆ ನೀರಾಟದಲ್ಲಿದ್ದ. ಅವಳ ಎಡಗಡೆ, ಹೊನ್ನಮ್ಮನ ಕಟ್ಟೆಯ ಮೇಲೆ ಬುಟ್ಟಿ ಬೋರಲಾಗಿತ್ತು. ನಾನು ಕೇಳುವ ಮೊದಲೇ ಶೈಲಾ ಎಲ್ಲರಿಗೂ ಕೇಳಿಸುವ ಹಾಗೆ ಹೇಳಿದಳು.

"ಹೊನ್ನತ್ತೇದು. ಕಣ್ಣಿನ ಆಪರೇಷನ್ ಆಗ್ಯದೆ. ಬರ್ತಾಳೆ. ಇಂದು ಅವ್ಳ ಪಾಲೇ ತಕಳಿ ಅಕ್ಕೋರೆ."

ಬುಟ್ಟಿಯ ಮುಂದೆ ಎಲೆಯ ಮೇಲೆ ಬಂಗಡೆ ಹೊಳೆಯುತ್ತಿತ್ತು. ನಾನು ಬಗ್ಗಿ ದುಡ್ಡನ್ನು ಎಲೆಯಂಚಿನ ಕೆಳಗೆ ಸಿಕ್ಕಿಸಿದೆ. ಬುಟ್ಟಿಯನ್ನು ನೋಡಿದೆ. ಬಾಯಿಂದ ಅಮ್ಮನದೇ ಧ್ವನಿ ಹೊರಟಿತು.

"ಹೊನ್ನಮ್ಮಾ, ಒಂದು ಪಾಲು ತಕಂಡೆನೇ."